ಐದಕ್ಕೆ ಎಷ್ಟು

ಕೆಂಪು ಖಾಲಿ ಎಂದ ದುರ್ಗಿಗುಡಿಯ ರುದ್ರೇಶಣ್ಣ,
ಪ್ರಿಂಟರಿನ ಹೊಟ್ಟೆ ತೆರೆದು ತೋರಿಸಿ.
ಹಾಗಾಗಿ ನನ್ನ ದೆವ್ವದ ಕಟಬಾಯಲ್ಲಿ ಸೋರಿದ್ದು
ಗುಲಾಬಿ. ಬೊಂಬಾಯಿ ಮಿಠಾಯಿಯ ಗುಲಾಬಿ.

ಪತ್ರಿಕೆಯ ಹೆಸರು 'ಸರಿಹೊತ್ತು'.
ಇಲ್ಲದ ಪತ್ರಿಕೆ. ಮೊದಲ ಸಂಚಿಕೆ, ಕೊನೆಯದೂ ಅದೇ;
ನಾಲ್ಕನೇ ಸೆಮಿಸ್ಟರಿನ ಇಪ್ಪತ್ತು ಅಂಕಕ್ಕೆ ಹುಟ್ಟಿದ್ದು.
ಮುಖಪುಟದ ಮೆಟ್ಟಿಲ ಮೇಲೆ ಒಬ್ಬಳು
ಕೂದಲು ಮುಂದಕ್ಕೆ ಇಳಿಬಿಟ್ಟು ಕೂತಿದ್ದಾಳೆ,
ಒಂದು ಕಣ್ಣು ಮಾತ್ರ ಹೊರಗೆ.
ಅವಳು ನಾನೇ.
ಫೋಟೋ ತೆಗೆದದ್ದು ರೂಮಿನ ಲವೀನಾ,
ಟೆರೇಸಿಗೆ ಹತ್ತುವ ಮೆಟ್ಟಿಲಲ್ಲಿ,
ವಾರ್ಡನ್ ಊಟಕ್ಕೆ ಇಳಿದಿದ್ದ ಹತ್ತು ನಿಮಿಷದಲ್ಲಿ.
ಮೂರು ಸಲ ನಕ್ಕು ಹಾಳು ಮಾಡಿದಳು.

'ಜನರನ್ನು ಕೇಳಿ,' ಎಂದಿದ್ದರು ಮೇಡಂ,
'ನಿಮ್ಮ ಗೆಳತಿಯರು ಜನ ಅಲ್ಲ.'
ಅದಕ್ಕೇ ಈ ಮೂವತ್ತು ಹಾಳೆ,
ದಾರ ಕಟ್ಟಿದ ಪೆನ್ನು,
ಹೆದರಿಕೆ ಆಯಿತೇ? ಐದಕ್ಕೆ ಎಷ್ಟು?

ಗೋಪಿ ಸರ್ಕಲ್ಲಿನಲ್ಲಿ ಆಟೋದವರು ಸುತ್ತುಗಟ್ಟಿದರು.
ಒಬ್ಬ ಕಣ್ಣು ಕಿರಿದು ಮಾಡಿ ಕೆಳಗಿನ ಮೂಲೆ ಓದಿದ:
'ನೂರಾ ಇಪ್ಪತ್ತು ರೂಪಾಯಾ! ಇದಪ್ಪ ದೆವ್ವ ಅಂದ್ರೆ.'
ಐದಕ್ಕೆ ಐದು. ಬೆಲೆಗೆ.
ಕೊರಿಯರ್ ಹುಡುಗ ಹೆಲ್ಮೆಟ್ ತೆಗೆಯದೆಯೇ ಗೀಚಿದ:
ಅಕ್ಷರ ಸಣ್ಣ.
ಬೇಕರಿ ಬೆಂಚಿನ ನಿವೃತ್ತ ಮೇಷ್ಟ್ರು
ಜೇಬಿನಿಂದ ತಮ್ಮದೇ ಪೆನ್ನು ತೆಗೆದರು.
'ನಿಶ್ಯಬ್ದ ಅಲ್ಲಮ್ಮ, ನಿಶ್ಶಬ್ದ.
ಹೆದರಿಸಿದ್ದು ನಿನ್ನ ಒತ್ತಕ್ಷರ.'

ಮೆಗ್ಗಾನ್ ಗೇಟಿನೆದುರು ಟೀ ಆರಿಸುತ್ತಿದ್ದವನು
ಶವಾಗಾರದಲ್ಲಿ ಕೆಲಸ ಅಂದ. ಬಹಳ ಹೊತ್ತು ನೋಡಿದ.
'ಸತ್ತವರು ಹೀಗೆ ನೋಡಲ್ಲ.'
ಮತ್ತೆ ಹೇಗೆ ನೋಡ್ತಾರೆ ಅಂದೆ, ಪೆನ್ನು ಹಿಡಿದು.
'ನೋಡಲ್ಲ. ಅದೇ.'
ಲೋಟ ಇಟ್ಟು ಎದ್ದು ಹೋದ.
ಅಂಕ ಕೇಳಲು ಮರೆತೆ.

ಗಾಂಧಿ ಬಜಾರಿನ ಕಾಮಾಕ್ಷಮ್ಮನ ಕೈ ಒದ್ದೆ,
ಸೇವಂತಿಗೆ ನೀರು ಚಿಮುಕಿಸುತ್ತಿದ್ದಳು.
ಹಾಳೆ ಮುಟ್ಟದೆ ಕತ್ತು ವಾಲಿಸಿ ನೋಡಿದಳು.
'ಕೂದಲು ಬಿಟ್ರೆ ದೆವ್ವ, ಕಟ್ಟಿದ್ರೆ ನನ್ನ ಗಿರಾಕಿ.
ಮೂರು ಗಂಟೆಗೆ ಎದ್ದು ಒಬ್ಬಳೇ ಬರ್ತೀನವ್ವ ಮಾರ್ಕೆಟ್ಟಿಗೆ.
ದಾರೀಲಿ ಇಂಥವಳೊಬ್ಬಳು ಸಿಕ್ಕಿದ್ರೆ
ಸದ್ಯ, ಜೊತೆಗೊಬ್ಬಳು ಹೆಂಗಸು ಅಂತೀನಿ.
ಬರಕೋ, ಸೊನ್ನೆ.'
ಬರೆದುಕೊಂಡೆ. ಒಂದು ಮೊಳ ಕೊಂಡೆ.

ಇಡೀ ದಿನ ಆ ಮುಖಪುಟವನ್ನು
ಗಲ್ಲದ ಕೆಳಗೇ ಹಿಡಿದು ನಿಂತಿದ್ದೆ.
ಮುಖದ ಕೆಳಗೊಂದು ಮುಖ.
ಇದು ನೀನಾ ಎಂದು
ಒಬ್ಬರೂ ಕೇಳಲಿಲ್ಲ.

ರಾತ್ರಿ ಕೂಡಿ, ಭಾಗಿಸಿ: ಎರಡು ಪಾಯಿಂಟ್ ಮೂರು.
ಉಳಿದೊಂದು ಹಾಳೆಯನ್ನು ಲವೀನಾ ಕಿತ್ತುಕೊಂಡಳು,
ಬಾಯಲ್ಲಿ ಬ್ರಷ್ಷು, ನೊರೆ.
'ಒಂದು. ಅದೂ ನಿನ್ನ ಮುಖ ನೋಡಿ ಪಾಪ ಅಂತ.
ದಿನಾ ನೋಡೋದೇ ಅಲ್ವಾ ಮಾರಾಯ್ತಿ.'
ಲೆಕ್ಕಕ್ಕೆ ಸೇರಿಸಲಿಲ್ಲ. ಗೆಳತಿಯರು ಜನ ಅಲ್ಲ.

ಒಂದೂವರೆಗೆ ಕರೆಂಟು ಹೋಯಿತು.
ಫ್ಯಾನು ನಿಂತ ಸದ್ದಿಗೆ ಎಚ್ಚರ.
ನೀರು ಕುಡಿಯಲು ಎದ್ದೆ, ಮೊಬೈಲಿನ ಬೆಳಕು ಹಿಡಿದು.
ಮೇಜಿನ ಮೇಲೆ ಮುಖಪುಟ
ಬೋರಲು ಬಿದ್ದಿದೆ.
ಬಿದ್ದದ್ದಲ್ಲ. ಅದರ ಮೇಲೆ
ಲವೀನಾಳ ಎಣ್ಣೆ ಬಾಟಲಿ,
ಬಾಟಲಿಯ ಪಕ್ಕ ಅಕೌಂಟೆನ್ಸಿಯ ದಪ್ಪ ಪುಸ್ತಕ,
ನಾಲ್ಕನೇ ಮೂಲೆಗೆ ಅವಳ ಜಪಮಣಿ.

ಅವಳು ತಲೆತುಂಬ ಹೊದ್ದಿದ್ದಳು, ಈ ಸೆಕೆಯಲ್ಲಿ.
ಉಸಿರು ನಿದ್ದೆಯದಲ್ಲ.

ಕರೆಯಲಿಲ್ಲ ನಾನು. ಬಾಟಲಿ ಎತ್ತಲಿಲ್ಲ.
ಬೆಳಕು ಆರಿಸಿ
ನನ್ನ ಮಂಚದ ಅಂಚಲ್ಲಿ ಕೂತು
ಕತ್ತಲಲ್ಲೇ ತಡಕಿ
ಬಿಚ್ಚಿದ್ದ ಕೂದಲನ್ನು ಗಟ್ಟಿಯಾಗಿ ಹೆಣೆದು
ಆಮೇಲೆ ಮಲಗಿದೆ.